ಅರ್ಲಿ ಕಾಲೇಜ್: ಕ್ರೆಡಿಟ್ ಸಿಕ್ಕರೆ ಸಾಲದು, ಡಿಗ್ರಿಗೆ ಕೂಡಬೇಕು

ಟೆಕ್ಸಾಸ್‌ನಲ್ಲಿ ನಮ್ಮವರ ಮನೆಯ ಮಗು ಎಂಟನೇ ಕ್ಲಾಸಿಗೆ ಬಂತೆಂದರೆ ಯಾರಾದರೂ ಒಬ್ಬರು ಹೇಳುತ್ತಾರೆ, "ಅರ್ಲಿ ಕಾಲೇಜ್‌ಗೆ ಹಾಕಿ, ಎರಡು ವರ್ಷದ ಫೀಸ್ ಉಳಿಯುತ್ತೆ." ಹಾಕಿ, ಖಂಡಿತ ಹಾಕಿ. ಫೀಸ್ ಉಳಿಯುತ್ತೆ ಅನ್ನೋದನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ.

ಅರ್ಲಿ ಕಾಲೇಜ್ ಅಂದರೆ ಹೈಸ್ಕೂಲಿನ ಜೊತೆಗೇ ಕಾಲೇಜು ಪಾಠವನ್ನೂ ಓದಿಸುವ ಶಾಲೆ. ಹೈಸ್ಕೂಲಿನ ನಾಲ್ಕು ವರ್ಷದಲ್ಲೇ 60 ಕ್ರೆಡಿಟ್ ತನಕ, ಅಂದರೆ ಸುಮಾರು ಎರಡು ವರ್ಷದ ಕಾಲೇಜು ಪಾಠ ಮುಗಿಸಬಹುದು. ಫೀಸು, ಪುಸ್ತಕ ಯಾವುದೂ ನಿಮ್ಮ ಜೇಬಿನಿಂದಲ್ಲ. ಮಾರ್ಕ್ಸ್ ಅಥವಾ ಟೀಚರ್ ಶಿಫಾರಸು ನೋಡಿ ಸೀಟು ಕೊಡುವಂತಿಲ್ಲ ಅಂತ ರಾಜ್ಯದ ನಿಯಮವೇ ಇದೆ. ಬುದ್ಧಿವಂತರನ್ನು ಆರಿಸುವ ಶಾಲೆಯಲ್ಲ ಇದು. ಓದಿನ ದಾರಿ ತೋರಿಸುವವರು ಮನೆಯಲ್ಲಿ ಇಲ್ಲದ ಮಕ್ಕಳಿಗಾಗಿ ಮಾಡಿದ್ದು.

ಇಲ್ಲೊಂದು ಮಾತು. ಅಪ್ಪ ಅಮ್ಮ ಇಬ್ಬರಲ್ಲಿ ಯಾರಿಗೂ ನಾಲ್ಕು ವರ್ಷದ ಡಿಗ್ರಿ ಇಲ್ಲದಿದ್ದರೆ ಮಗುವನ್ನು ಸಾಮಾನ್ಯವಾಗಿ ಫಸ್ಟ್ ಜನರೇಷನ್ ಅನ್ನುತ್ತಾರೆ. ಪಿಯುಸಿ, ಐಟಿಐ, ಡಿಪ್ಲೊಮಾ ಆದವರು "ಓದಿಲ್ಲ ಅಂತ ಬರೆಯೋದು ಹೇಗೆ" ಎಂದು ಸಂಕೋಚಪಟ್ಟು ಅರ್ಜಿಯಲ್ಲಿ ಆ ಕಾಲಂ ಖಾಲಿ ಬಿಡುತ್ತಾರೆ. ಬಿಡಬೇಡಿ. ಅದು ನಿಮ್ಮ ಮಗುವಿಗೆ ಸಲ್ಲಬೇಕಾದ್ದು. ಬೆಂಗಳೂರಲ್ಲಿ ಬಿ.ಇ. ಮಾಡಿ ಬಂದವರು ಮಾತ್ರ ಅದು ಇಂಡಿಯಾದ ಡಿಗ್ರಿ, ಲೆಕ್ಕಕ್ಕಿಲ್ಲ ಅಂತ ಫಸ್ಟ್ ಜನರೇಷನ್ನಿಗೆ ಟಿಕ್ ಹಾಕುವುದು ತಪ್ಪು.

ಈಗ ದುಡ್ಡು ಕಳೆಯುವ ಜಾಗಕ್ಕೆ ಬರುತ್ತೇನೆ. ನನಗೆ ಹತ್ತಿರದ ಒಂದು ಕುಟುಂಬ. ಅಪ್ಪ ಮಂಡ್ಯ ಕಡೆಯವರು, ಪಿಯುಸಿ ಆದವರು. ಅಣ್ಣ ಸ್ಪಾನ್ಸರ್ ಮಾಡಿ ಕರೆಸಿಕೊಂಡಿದ್ದು. ಗ್ಯಾಸ್ ಸ್ಟೇಷನ್ನಿನಲ್ಲಿ ರಾತ್ರಿ ಪಾಳಿ. ಮಗಳು ಹೈಸ್ಕೂಲ್ ಮುಗಿಯುವ ಮೊದಲೇ 60 ಕ್ರೆಡಿಟ್ ಮುಗಿಸಿ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ತಗೊಂಡಳು. ಇನ್ನೆರಡು ವರ್ಷಕ್ಕೆ ಸಾಕಾಗುವಷ್ಟು ದುಡ್ಡು ಜೋಡಿಸಿ ಅವರು ಅವಳನ್ನು ಇಂಜಿನಿಯರಿಂಗಿಗೆ ಸೇರಿಸಿದರು.

ಓರಿಯೆಂಟೇಷನ್ ದಿನ ಅಡ್ವೈಸರ್ ಕಂಪ್ಯೂಟರ್ ಪರದೆಯನ್ನು ಇವರ ಕಡೆ ತಿರುಗಿಸಿದರು. 60 ಕ್ರೆಡಿಟ್ಟೂ ಬಂದಿದ್ದವು. ಇಂಗ್ಲಿಷ್ 1301, ಹಿಸ್ಟರಿ 1301, ಗವರ್ನಮೆಂಟ್ 2305 ಡಿಗ್ರಿಯ ಪಟ್ಟಿಯಲ್ಲಿ ಸರಿಯಾಗಿ ಕೂತಿದ್ದವು. ಮ್ಯಾತ್ 1314, ಫಿಸಿಕ್ಸ್ 1401 ಕೆಳಗೆ ಬೇರೆ ಕಡೆ ಬಿದ್ದಿದ್ದವು, ಪಕ್ಕದಲ್ಲಿ "ಎಲೆಕ್ಟಿವ್" ಅಂತ, ಅಂದರೆ ಕ್ರೆಡಿಟ್ ಸಿಕ್ಕರೂ ಈ ಡಿಗ್ರಿಗೆ ಬೇಕಾದ ಕೋರ್ಸಿನ ಲೆಕ್ಕಕ್ಕಿಲ್ಲ. ಮೊದಲನೆಯದು ಕಾಲೇಜ್ ಆಲ್ಜೀಬ್ರಾ, ಎರಡನೆಯದು ಕ್ಯಾಲ್ಕುಲಸ್ ಇಲ್ಲದ ಫಿಸಿಕ್ಸ್. ಇಂಜಿನಿಯರಿಂಗಿಗೆ ಬೇಕಾದ್ದು ಮ್ಯಾತ್ 2413 ಮತ್ತು ಫಿಸಿಕ್ಸ್ 2425. ಒಂದು ಮುಗಿಯದೆ ಮುಂದಿನದಕ್ಕೆ ಕೂರಿಸುವುದಿಲ್ಲ. ಹಾಗಾಗಿ ಇಂಥ 60 ಕ್ರೆಡಿಟ್‌ನಲ್ಲಿ ಸುಮಾರು ಅರ್ಧದಷ್ಟು ಡಿಗ್ರಿಗೆ ಉಪಯೋಗಕ್ಕೆ ಬಂದರೂ ಓದು ಮಾತ್ರ ಹೆಚ್ಚುಕಡಿಮೆ ನಾಲ್ಕು ವರ್ಷ ಎಳೆಯುತ್ತದೆ. ಹುಡುಗಿ ಎಲ್ಲೂ ಫೇಲಾಗಿರಲಿಲ್ಲ. ಅವಳ ವೇಳಾಪಟ್ಟಿಗೆ ಯಾವ ಕ್ಲಾಸ್ ಹೊಂದುತ್ತಿತ್ತೋ ಅದಕ್ಕೆ ಹಾಕಿದ್ದರು, ಅಷ್ಟೇ.

ಟೆಕ್ಸಾಸ್‌ನಲ್ಲಿ 42 ಕ್ರೆಡಿಟ್‌ನ "ಕೋರ್" ಪೂರ್ತಿ ಮುಗಿಸಿದರೆ ರಾಜ್ಯದ ಯಾವ ಸರ್ಕಾರಿ ಯೂನಿವರ್ಸಿಟಿಯೂ ಅದನ್ನು ಒಪ್ಪಲೇಬೇಕು, ಕಾನೂನಿದೆ. ಆದರೆ ಎಲ್ಲರೂ ಓದಬೇಕಾದ ಕೋರ್ ಬೇರೆ, ಮಗು ಆರಿಸಿಕೊಂಡ ಮುಖ್ಯ ವಿಷಯ ಅಂದರೆ ಮೇಜರ್ ಬೇರೆ. ಖಾಸಗಿ ಕಾಲೇಜಿಗೆ, ಬೇರೆ ರಾಜ್ಯಕ್ಕೆ ಆ ಕಾನೂನು ಲಾಗೂ ಆಗುವುದಿಲ್ಲ.

ನಮ್ಮಲ್ಲಿ ಡಿಪ್ಲೊಮಾ ಮಾಡಿದವರು ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿ.ಇ.ಗೆ ಹೋಗುತ್ತಾರೆ, ಅಲ್ವಾ? ಎಷ್ಟು ವರ್ಷ ಉಳಿಯಿತು ಅಂತ ಹೊರಡುವ ಮೊದಲೇ ಗೊತ್ತಿರುತ್ತದೆ. ಈ ವಿಷಯದಲ್ಲಿ ನಮ್ಮ ಪದ್ಧತಿಯೇ ಮೇಲು. ಹದಿನಾರಕ್ಕೇ ಸೈನ್ಸೋ ಕಾಮರ್ಸೋ ಅಂತ ಕಟ್ಟಿಹಾಕದೆ ಎಲ್ಲದರ ರುಚಿ ನೋಡಲು ಬಿಡುವುದರಲ್ಲಿ ಇಲ್ಲಿಯದು ಮೇಲು.

ಅದಕ್ಕೇ ಹತ್ತನೇ ಕ್ಲಾಸ್ ಮುಗಿಯುವುದರೊಳಗೆ, ಮಗು ಸೇರಬಹುದಾದ ಎರಡು ಮೂರು ಯೂನಿವರ್ಸಿಟಿಗಳ ಡಿಗ್ರಿ ಪ್ಲಾನ್ (ಡಿಗ್ರಿಗೆ ಬೇಕಾದ ಕೋರ್ಸುಗಳ ಪಟ್ಟಿ) ಇಳಿಸಿಕೊಳ್ಳಿ. ಕೋರ್ಸಿನ ಹೆಸರು ನೋಡಬೇಡಿ, ನಂಬರ್ ನೋಡಿ. ಹೈಸ್ಕೂಲ್ ಕೌನ್ಸೆಲರ್ "ಟ್ರಾನ್ಸ್‌ಫರ್ ಆಗುತ್ತೆ" ಅಂದರೆ ಸಾಲದು. "ಈ ಮೇಜರ್‌ನಲ್ಲಿ ಯಾವುದರ ಬದಲು ಲೆಕ್ಕ ಆಗುತ್ತೆ?" ಎಂದು ಆ ಡಿಪಾರ್ಟ್‌ಮೆಂಟಿಗೇ ಬರೆದು ಕೇಳಿ. ಉತ್ತರ ಈಮೇಲ್‌ನಲ್ಲಿರಲಿ. ಮಗು ಇನ್ನೂ ಏನೂ ತೀರ್ಮಾನಿಸಿಲ್ಲವೇ? ಹಾಗಾದರೆ ಮೊದಲು ಕೋರ್ ಮುಗಿಸಲಿ, ಗಣಿತ ಸೈನ್ಸ್ ಮಾತ್ರ ಕೇಳದೆ ತಗೊಳ್ಳುವುದು ಬೇಡ.

ಇನ್ನೊಂದು ಎಚ್ಚರಿಕೆ. ಇವು ನಿಜವಾದ ಕಾಲೇಜಿನ ಮಾರ್ಕ್ಸ್. ಹದಿನೈದರ ವಯಸ್ಸಲ್ಲಿ ಬಂದ ಎಫ್ ಅಳಿಸಿ ಹೋಗುವುದಿಲ್ಲ. ಮುಂದೆ ಮೆಡಿಕಲ್‌ಗೆ ಅರ್ಜಿ ಹಾಕುವಾಗ ಆ ಟ್ರಾನ್ಸ್‌ಕ್ರಿಪ್ಟ್ (ಕಾಲೇಜಿನ ಅಂಕಪಟ್ಟಿ) ಕೂಡ ಕೊಡಬೇಕು. ಪ್ರೊಫೆಸರಿಗೆ ನೀವು ಫೋನ್ ಮಾಡಿದರೂ ಹೆಚ್ಚಿನವರು ಬಾಯಿ ಬಿಡುವುದಿಲ್ಲ, ಏಕೆಂದರೆ ಕಾಲೇಜಿನ ದಾಖಲೆ ವಿದ್ಯಾರ್ಥಿಯದು. ಆದ್ದರಿಂದ ಸೆಮಿಸ್ಟರ್ ಶುರುವಾದ ಕೂಡಲೇ "ಸೆನ್ಸಸ್ ಡೇಟ್" ಯಾವತ್ತು ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ. ಪೂರ್ಣ ಸೆಮಿಸ್ಟರ್ ಆದರೆ ಅದು ಸಾಮಾನ್ಯವಾಗಿ ಕ್ಲಾಸಿನ 12ನೇ ದಿನ. ಅಷ್ಟರೊಳಗೆ ಕ್ಲಾಸ್ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟಿನಲ್ಲಿ ಸುಳಿವೂ ಇರುವುದಿಲ್ಲ. ಆಮೇಲೆ ಬಿಟ್ಟರೆ ಡಬ್ಲ್ಯು, ಅಂದರೆ ನಡುವೆ ಬಿಟ್ಟ ಗುರುತು, ಉಳಿಯುತ್ತದೆ. ಆ ದಿನಕ್ಕೆ ಒಂದು ವಾರ ಮೊದಲೇ ಮಗುವನ್ನು ಕೂರಿಸಿಕೊಂಡು "ಈ ಕ್ಲಾಸ್ ಆಗುತ್ತಾ, ಬಿಡೋಣವಾ?" ಅಂತ ಬೈಯದೆ ಕೇಳಿ.