ಟ್ರಿಗರ್‌ಗಿಂತ ಕಾಲು ಮುಖ್ಯ: ಕಾಡಿನ ಪೇಂಟ್‌ಬಾಲ್ ಆಡುವುದು ಹೇಗೆ?

ಬೆಂಗಳೂರಿನ ಹೊರವಲಯದ ರೆಸಾರ್ಟ್‌ಗಳಲ್ಲಿ ಆಫೀಸಿನವರ ಜೊತೆ ಪೇಂಟ್‌ಬಾಲ್ ಆಡಿದವರು ನಿಮ್ಮಲ್ಲಿ ಹಲವರಿರಬಹುದು. ಸುತ್ತ ಬಲೆ, ನಡುವೆ ಹಳೇ ಟೈರು, ಡ್ರಮ್ಮು, ಕೈಗೆ ಬಣ್ಣ ತುಂಬಿದ ಒಂದಿಷ್ಟು ಗುಂಡು, ಅದನ್ನು ಹಾರಿಸಲು ಬಂದೂಕಿನಂಥದ್ದೊಂದು. ಗುಂಡು ಒಡೆದು ಮೈಗೆ ಬಣ್ಣ ಅಂಟಿದವರು ಔಟ್. ಹತ್ತು ನಿಮಿಷದಲ್ಲಿ ಮುಗಿದೇ ಹೋಗುತ್ತದೆ. ನಾನೂ ಹಾಗೇ ಶುರುಮಾಡಿದ್ದು. ಆಮೇಲೆ ಕೆಲಸಕ್ಕೆಂದು ನ್ಯೂಜೆರ್ಸಿಗೆ ಬಂದೆ. ಪಕ್ಕದ ಪೆನ್ಸಿಲ್ವೇನಿಯಾದ ಪೊಕೊನೊ ಬೆಟ್ಟಗಳಿಗೆ ಗೆಳೆಯರು ಕರೆದುಕೊಂಡು ಹೋದರು. ಅಲ್ಲಿ ಮೈದಾನವೇ ಕಾಡು. ತೀರ್ಥಹಳ್ಳಿ ಕಡೆಯ ಕಾಡಂಚಿನಲ್ಲಿ ಬೆಳೆದ ನನಗೆ ತರಗೆಲೆಯ ಮೇಲೆ ಕಾಲಿಟ್ಟ ಕೂಡಲೇ ಊರಿಗೆ ಬಂದ ಹಾಗಾಯಿತು.

ಈ ಆಟ ಹುಟ್ಟಿದ್ದೂ ಕಾಡಿನಲ್ಲೇ. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೆನಿಕರ್ ಎಂಬ ಊರಿನ ಹತ್ತಿರ 12 ಜನ ಕಾಡಿಗೆ ಇಳಿದರು. ಚಾರ್ಲ್ಸ್ ಗೇನ್ಸ್, ಹೇಯ್ಸ್ ನೋಯೆಲ್, ಬಾಬ್ ಗರ್ನ್ಸಿ ಎಂಬ ಮೂವರು ಗೆಳೆಯರು ಸೇರಿ ಹೂಡಿದ ಆಟ ಅದು. ಎಲ್ಲರ ಕೈಯಲ್ಲೂ ನೆಲ್‌ಸ್ಪಾಟ್ 007 ಪಿಸ್ತೂಲು. ಕಡಿಯಬೇಕಾದ ಮರಕ್ಕೆ, ಮಂದೆಯ ದನಕ್ಕೆ ದೂರದಿಂದಲೇ ಬಣ್ಣದ ಗುರುತು ಹಾಕಲು ಇದ್ದ ಸಾಧನ ಅದು. ಕಾಡಿನ ಬೇರೆ ಬೇರೆ ಕಡೆ ಇಟ್ಟ ಬಾವುಟಗಳನ್ನು ಒಟ್ಟುಮಾಡಿ, ಮೈಗೆ ಬಣ್ಣ ಬೀಳದ ಹಾಗೆ ಹೊರಬರಬೇಕಿತ್ತು. ಗೆದ್ದವನು ರಿಚಿ ವೈಟ್, ಕಾಡಿನ ಕೆಲಸವನ್ನೇ ಮಾಡಿಕೊಂಡಿದ್ದ ಮನುಷ್ಯ. ಅವನು ಇಡೀ ಆಟದಲ್ಲಿ ಒಂದು ಗುಂಡನ್ನೂ ಹಾರಿಸಲಿಲ್ಲ!

ಹೊಸಬರಿಗೆ ನಾನು ಮೊದಲು ಹೇಳುವುದೇ ಈ ಕತೆ. ಕಾಡಿನ ಪೇಂಟ್‌ಬಾಲ್‌ನಲ್ಲಿ ಬೆರಳಿಗಿಂತ ಕಾಲಿಗೆ, ಕಿವಿಗೆ ಕೆಲಸ ಜಾಸ್ತಿ.

ಮೊದಲು ಮಾಸ್ಕ್, ಉಳಿದದ್ದೆಲ್ಲ ಆಮೇಲೆ

ಗುಂಡಿನ ಅಳತೆ 0.68 ಇಂಚು, ಅಂದರೆ ಸುಮಾರು 17 ಮಿ.ಮೀ. ತೂಕ 3 ಗ್ರಾಂ ಆಸುಪಾಸು. ವೇಗದ ಮಿತಿ ಸೆಕೆಂಡಿಗೆ 300 ಅಡಿ, ಅಂದರೆ ಗಂಟೆಗೆ ಸುಮಾರು 330 ಕಿ.ಮೀ. ಕಾಡಿನ ಎಷ್ಟೋ ಮೈದಾನಗಳಲ್ಲಿ ಇದನ್ನು 280 ಅಡಿಗೇ ನಿಲ್ಲಿಸುತ್ತಾರೆ. ತೊಡೆಗೆ ಬಿದ್ದರೆ ಚುರ್ ಅನ್ನುತ್ತದೆ, ಬಾವು ಬರುತ್ತದೆ, ವಾರದಲ್ಲಿ ಹೋಗುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು.

ಒಮ್ಮೆ ನಮ್ಮ ಜೊತೆ ಬಂದಿದ್ದ ಹುಡುಗನೊಬ್ಬ ಬೆವರು ಒರೆಸಿಕೊಳ್ಳಲು ಮಾಸ್ಕ್ ಎತ್ತಿದ. ಆಟ ನಡೆಯುತ್ತಲೇ ಇತ್ತು. ಪಕ್ಕದ ಮರಕ್ಕೆ ಟಪ್ ಅಂತ ಗುಂಡು ಬಡಿಯಿತು. ರೆಫ್ರಿ ಓಡಿ ಬಂದು ತನ್ನ ಎರಡೂ ಕೈಯಿಂದ ಅವನ ಮುಖ ಮುಚ್ಚಿ, ನೆಲಕ್ಕೆ ಕೂರಿಸಿ, ಆಟ ನಿಲ್ಲಿಸಿದರು. ಆ ಸದ್ದು ನನಗೆ ಇನ್ನೂ ನೆನಪಿದೆ. ಮಾಸ್ಕ್ ಮಂಜಾಗಲಿ, ಬೆವರು ಕಣ್ಣಿಗಿಳಿಯಲಿ, ಒಳಗೆ ಸೊಳ್ಳೆಯೇ ಹೋಗಲಿ, ತೆಗೆಯಬೇಡಿ. ಕೈ ಎತ್ತಿ ರೆಫ್ರಿಯನ್ನು ಕೂಗಿ. ಅವರು ಕೈ ಹಿಡಿದು ಹೊರಗೆ ಕರೆದೊಯ್ಯುತ್ತಾರೆ.

ಬಾಡಿಗೆ ಮಾಸ್ಕ್ ತೆಗೆದುಕೊಳ್ಳುವಾಗ ಲೆನ್ಸ್‌ನಲ್ಲಿ ಬಿರುಕು, ಗೀರು ಇದೆಯೇ ನೋಡಿ. ಇದ್ದರೆ ಬೇರೆ ಕೇಳಿ, ಸಂಕೋಚ ಬೇಡ. ಎರಡು ಪದರದ ಥರ್ಮಲ್ ಲೆನ್ಸ್ ಸಿಕ್ಕಿದರೆ ಅದೇ ಇರಲಿ. ಮಂಜು ಕಡಿಮೆ. ಕನ್ನಡಕದವರು ಮನೆಯಿಂದಲೇ ಮಂಜು ತಡೆಯುವ ವೈಪ್ಸ್ ತಂದರೆ ಒಳ್ಳೆಯದು. ಕರ್ಚೀಫನ್ನು ಹಣೆಗೆ ಕಟ್ಟಿಕೊಳ್ಳಿ, ಮೂಗಿಗೆ ಬೇಡ. ಮೂಗಿಗೆ ಕಟ್ಟಿದರೆ ಉಸಿರೆಲ್ಲ ಮೇಲಕ್ಕೆ ಹೋಗಿ ಲೆನ್ಸ್ ಮುಚ್ಚಿಕೊಳ್ಳುತ್ತದೆ.

ಬಟ್ಟೆ, ಮಾರ್ಕರ್, ಪೇಂಟ್

ಮಿಲಿಟರಿ ಬಟ್ಟೆಗೆ ದುಡ್ಡು ಸುರಿಯಬೇಕಿಲ್ಲ. ಮಣ್ಣಿನ ಬಣ್ಣದ, ಉದ್ದ ತೋಳಿನ ಸಡಿಲ ಅಂಗಿ, ದಪ್ಪ ಪ್ಯಾಂಟು ಸಾಕು. ಬಟ್ಟೆ ಸಡಿಲ ಇದ್ದಷ್ಟೂ ಏಟು ಕಡಿಮೆ. ಕೈಗೆ ಗ್ಲೌಸ್ ಬೇಕೇ ಬೇಕು, ಬೆರಳಿನ ಗೆಣ್ಣಿಗೆ ಬಿದ್ದರೆ ಜೀವ ಹೋದಂತಾಗುತ್ತದೆ. ಕಣಕಾಲು ಮುಚ್ಚುವ ಶೂ ಹಾಕಿ. ಪೊಕೊನೊ ಕಾಡಿನಲ್ಲಿ ತರಗೆಲೆಯ ಕೆಳಗೆ ಕಲ್ಲುಗಳಿರುತ್ತವೆ. ಗುಂಡಿನ ಏಟಿಗಿಂತ ಉಳುಕಿದ ಕಾಲನ್ನೇ ನಾನು ಹೆಚ್ಚು ನೋಡಿದ್ದೇನೆ.

ಆಡುವವರು ಬಂದೂಕು ಅನ್ನುವುದಿಲ್ಲ, ಮಾರ್ಕರ್ ಅನ್ನುತ್ತಾರೆ. ಗಾಳಿ ಅಥವಾ ಕಾರ್ಬನ್ ಡೈಆಕ್ಸೈಡ್ ಒತ್ತಡದಿಂದ ಗುಂಡು ಹಾರುತ್ತದೆ. ಮೇಲೆ ಕೂರುವ ಹಾಪರ್‌ನಲ್ಲಿ ಸುಮಾರು 200 ಗುಂಡು ಹಿಡಿಸುತ್ತದೆ. ಮೊದಲ ಆರೇಳು ಸಲ ಬಾಡಿಗೆ ಮಾರ್ಕರ್‌ನಲ್ಲೇ ಆಡಿ. ಆಟಕ್ಕೆ ಮುಂಚೆ ಕ್ರೋನೋ ಎಂಬ ಯಂತ್ರದ ಮುಂದೆ ಹಾರಿಸಿ ವೇಗ ಅಳೆಯುತ್ತಾರೆ. ಮಿತಿ ಮೀರಿದರೆ ತಗ್ಗಿಸಿಯೇ ಒಳಗೆ ಬಿಡುವುದು. ಮೈದಾನದ ಹೊರಗೆ ಕಾಲಿಟ್ಟ ಕೂಡಲೇ ಬ್ಯಾರೆಲ್‌ಗೆ, ಅಂದರೆ ಮಾರ್ಕರ್‌ನ ನಳಿಗೆಗೆ, ಬಟ್ಟೆಯ ಚೀಲ ತೊಡಿಸಬೇಕು. ಇದಕ್ಕೆ ಬ್ಯಾರೆಲ್ ಸಾಕ್ ಅನ್ನುತ್ತಾರೆ.

ಗುಂಡಿನ ಒಳಗಿರುವುದು ನೀರಲ್ಲಿ ಕರಗುವ ಬಣ್ಣ. ಮುಖ್ಯವಾಗಿ ಪಾಲಿಎಥಿಲೀನ್ ಗ್ಲೈಕಾಲ್, ಔಷಧಿಗಳಲ್ಲೂ ಬಳಸುವಂಥದ್ದು. ಬಟ್ಟೆ ಒಗೆದರೆ ಹೋಗುತ್ತದೆ. ಶುರುವಿನ ವರ್ಷಗಳಲ್ಲಿ ಎಣ್ಣೆ ಬಣ್ಣ ಇತ್ತಂತೆ, ಟರ್ಪೆಂಟೈನ್ ಹಾಕಿ ಉಜ್ಜಬೇಕಿತ್ತು. ಹೊರಗಿನ ಸಿಪ್ಪೆ ಜೆಲಟಿನ್, ಮಾತ್ರೆಯ ಕ್ಯಾಪ್ಸೂಲ್‌ನಂಥದ್ದೇ. ಅದನ್ನು ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುತ್ತಾರೆ. ಬಣ್ಣ ಸಿಡಿದು ಬಾಯಿಗೂ ಬೀಳುವುದುಂಟು. ಅದಕ್ಕೇ ಸಸ್ಯಾಹಾರಿ ಗೆಳೆಯರಿಗೆ ನಾನು ಮೊದಲೇ ಹೇಳಿಬಿಡುತ್ತೇನೆ. ಗುಂಡಿನ ಪ್ಯಾಕೆಟ್ಟನ್ನು ಬಿಸಿಲಿಗೆ, ತೇವಕ್ಕೆ ಬಿಡಬೇಡಿ. ತೇವ ಹೀರಿದ ಗುಂಡು ಊದಿಕೊಂಡು ಬ್ಯಾರೆಲ್ ಒಳಗೇ ಒಡೆಯುತ್ತದೆ. ಆಮೇಲೆ ಹಾರಿಸಿದ್ದೆಲ್ಲ ಅಡ್ಡಾದಿಡ್ಡಿ.

ಕಾಡಿನಲ್ಲಿ ನಡೆಯುವುದನ್ನು ಕಲಿಯಿರಿ

ಶಿಳ್ಳೆ ಹೊಡೆದ ಕೂಡಲೇ ಹೊಸಬರು ಮಾಡುವ ತಪ್ಪು ಒಂದೇ. ಹತ್ತಿರದ ದಪ್ಪ ಮರದ ಹಿಂದೆ ಹೋಗಿ ನಿಂತುಬಿಡುತ್ತಾರೆ, ಕೊನೆಯವರೆಗೂ ಅಲ್ಲೇ. ಎದುರಿನವರಿಗೆ ಅವರು ಎಲ್ಲಿದ್ದಾರೆ ಅನ್ನುವುದು ಗೊತ್ತಾದ ಮೇಲೆ ಮರ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಒಬ್ಬ ಎದುರಿನಿಂದ ಹಾರಿಸುತ್ತಾ ಅವರನ್ನು ಅಲ್ಲೇ ಕೂರಿಸುತ್ತಾನೆ. ಇನ್ನೊಬ್ಬ ಪಕ್ಕದಿಂದ ಸುತ್ತಿಕೊಂಡು ಬರುತ್ತಾನೆ. ಅಲ್ಲಿಗೆ ಆಟ ಮುಗಿಯಿತು.

ಹಾಗಾಗಿ ಮರ ಸೇರುವ ಮುಂಚೆಯೇ ಮುಂದಿನ ಮರ ಯಾವುದು ಅಂತ ನೋಡಿಟ್ಟುಕೊಳ್ಳಿ. ಮೂರು ನಾಲ್ಕು ಸೆಕೆಂಡಿನ ಓಟಕ್ಕಿಂತ ದೂರ ಇರಬಾರದು. ಮರಕ್ಕೆ ಅಂಟಿಕೊಳ್ಳಬೇಡಿ. ಒಂದು ಹೆಜ್ಜೆ ಹಿಂದೆ ನಿಂತರೆ ಕಣ್ಣಿಗೆ ಜಾಗ ಜಾಸ್ತಿ ಕಾಣುತ್ತದೆ, ಮಾರ್ಕರ್ ತಿರುಗಿಸಲೂ ಸುಲಭ. ಒಂದೇ ಕಡೆಯಿಂದ ಎರಡು ಸಲ ಇಣುಕಬೇಡಿ. ಮೊದಲು ಬಲಗಡೆ, ನಿಂತು. ಆಮೇಲೆ ಎಡಗಡೆ, ಮಂಡಿಯೂರಿ.

ಹೆಜ್ಜೆ ಇಡುವುದನ್ನು ನನಗೆ ಕಲಿಸಿದ್ದು ಊರಿನ ಕಾಡು. ಪಾದದ ಹೊರ ಅಂಚನ್ನು ಮೊದಲು ಊರಿ, ಕೆಳಗೆ ಕಡ್ಡಿ ಇದೆಯಾ ಅಂತ ತಡವಿ, ಆಮೇಲೆ ನಿಧಾನವಾಗಿ ಭಾರ ಬಿಡಬೇಕು. ಗಾಳಿ ಬೀಸಿ ಎಲೆ ಸದ್ದು ಮಾಡುವಾಗ ನಾಲ್ಕು ಹೆಜ್ಜೆ. ಗಾಳಿ ನಿಂತರೆ ನಾವೂ ನಿಲ್ಲಬೇಕು. ಎಲ್ಲೋ ಗುಂಡಿನ ಸುರಿಮಳೆ ಶುರುವಾದರೆ ಅದೂ ಒಳ್ಳೆಯ ಹೊತ್ತೇ, ಎಲ್ಲರ ಕಿವಿ ಆ ಕಡೆ ಇರುತ್ತದೆ. ನಿಂತಾಗ ಕಿವಿಗೆ ಕೆಲಸ ಕೊಡಿ. ಹಾಪರ್ ಒಳಗೆ ಗುಂಡು ಕಟಕಟ ಅನ್ನುವ ಸದ್ದು ಕಾಡಿನಲ್ಲಿ ಚೆನ್ನಾಗಿ ಕೇಳುತ್ತದೆ. ಎಷ್ಟೋ ಸಲ ಎದುರಾಳಿ ಕಾಣುವ ಮುಂಚೆ ಅವನ ಹಾಪರ್ ಕೇಳಿಸುತ್ತದೆ. ನಿಮ್ಮದೂ ಅವನಿಗೆ ಕೇಳುತ್ತಿರುತ್ತದೆ, ಅಲ್ವಾ? ಅದಕ್ಕೇ ಹಾಪರ್ ತುಂಬಿಟ್ಟುಕೊಳ್ಳಿ. ಅರ್ಧ ಖಾಲಿ ಆದದ್ದೇ ಜಾಸ್ತಿ ಕುಣಿಯುವುದು.

ಹಾರಿಸುವ ಹೊತ್ತು

ಗುಂಡು ಹಗುರ, ಗಾಳಿಗೆ ಬೇಗ ಸೋಲುತ್ತದೆ. ನೇರ ಹಿಡಿದು ಹಾರಿಸಿದರೆ 25–30 ಮೀಟರಿಗೆ ಆಗಲೇ ತಗ್ಗತೊಡಗುತ್ತದೆ. ದೂರ ಇದ್ದರೆ ತುಸು ಮೇಲಕ್ಕೆ ಹಿಡಿಯಬೇಕು. ಜಾಸ್ತಿ ದೂರದಿಂದ ಬಡಿದರೆ ಒಡೆಯದೆ ಪುಟಿದು ಬೀಳುವುದೂ ಉಂಟು. ಒಡೆಯದ ಗುಂಡು ಲೆಕ್ಕಕ್ಕಿಲ್ಲ.

ಇನ್ನೊಂದು, ಕಾಡಿನ ಸಣ್ಣ ಕಡ್ಡಿಯೂ ಗುಂಡನ್ನು ಒಡೆಯುತ್ತದೆ. ಪೊಕೊನೊದಲ್ಲಿ ಮೌಂಟನ್ ಲಾರೆಲ್ ಎಂಬ ಪೊದೆ ದಟ್ಟವಾಗಿ ಬೆಳೆಯುತ್ತದೆ. ಪೆನ್ಸಿಲ್ವೇನಿಯಾದ ರಾಜ್ಯ ಹೂವು ಅದರದ್ದೇ. ಅದರ ಹಿಂದೆ ಕೂತವನಿಗೆ ನೂರು ಗುಂಡು ಹಾರಿಸಿದರೂ ಹೂವಿಗೆ ಬಣ್ಣ ಬಳಿದಷ್ಟೇ ಲಾಭ. ಸುಮ್ನೆ ಪೇಂಟ್ ಖರ್ಚು ಮಾಡುವ ಬದಲು ಜಾಗ ಬದಲಿಸಿ, ಪೊದೆ ಇಲ್ಲದ ಕೋನ ಹುಡುಕಿ. ತಲೆ ಹೊರಗೆ ಹಾಕದೆ, ನೋಡದೆ ಹಾರಿಸುವುದು ಎಲ್ಲ ಕಡೆ ನಿಷಿದ್ಧ. ತೀರಾ ಹತ್ತಿರ ಸಿಕ್ಕಿದವನಿಗೆ ಹಾರಿಸದೆ "ಶರಣಾಗು" ಅನ್ನುವ ಪದ್ಧತಿಯೂ ಇದೆ. ಎಷ್ಟು ಅಡಿಯ ಒಳಗೆ ಅನ್ನುವುದು ಮೈದಾನದಿಂದ ಮೈದಾನಕ್ಕೆ ಬೇರೆ, ಮೊದಲೇ ಕೇಳಿಕೊಳ್ಳಿ.

ನಿಮಗೆ ಬಿತ್ತೇ? ನಾಣ್ಯದಷ್ಟು ಬಣ್ಣ ಅಂಟಿದ್ದರೆ ಔಟ್. ಕೈ ಎತ್ತಿ, "ಹಿಟ್" ಅಂತ ಕೂಗಿ, ಹೊರಡಿ. ಅನುಮಾನ ಇದ್ದರೆ ರೆಫ್ರಿಯನ್ನು ಕರೆದು ನೋಡಿಸಿ. ಬಣ್ಣ ಒರೆಸಿಕೊಂಡು ಆಡುವವರನ್ನು ಯಾರೂ ಮತ್ತೆ ಜೊತೆಗೆ ಸೇರಿಸುವುದಿಲ್ಲ.

ಸಿನಾರಿಯೊ: ಕತೆಯ ಒಳಗೆ ಆಡುವುದು

ಇಷ್ಟು ರೂಢಿಯಾದ ಮೇಲೆ ಸಿನಾರಿಯೊ ಆಟಕ್ಕೆ ಹೋಗಿ. ನನ್ನ ಮಟ್ಟಿಗೆ ಪೇಂಟ್‌ಬಾಲ್‌ನ ತಿರುಳೇ ಅದು. ಇಲ್ಲಿ ಎರಡು ಪಕ್ಷ, ಒಂದು ಕತೆ, ಇಡೀ ದಿನದ ಆಟ. ಫ್ಲೋರಿಡಾದ ವೇಯ್ನ್ ಡೊಲಾಕ್ ಅವರನ್ನು ಈ ಪ್ರಕಾರದ ಪಿತಾಮಹ ಅನ್ನುತ್ತಾರೆ. ಅವರು ನಡೆಸುತ್ತಿದ್ದುದು 24 ಗಂಟೆಯ ಆಟಗಳನ್ನು. 1997ರಲ್ಲಿ ಒಕ್ಲಹೋಮಾದಲ್ಲಿ ಶುರುವಾದ ಡಿ-ಡೇ ಆಟಕ್ಕೆ ಸಾವಿರಾರು ಜನ ಬರುತ್ತಿದ್ದರು. ಡಿ-ಡೇ ಅಂದರೆ ಎರಡನೇ ಮಹಾಯುದ್ಧದಲ್ಲಿ ಮಿತ್ರಪಕ್ಷಗಳ ಸೇನೆ ಫ್ರಾನ್ಸಿನ ನಾರ್ಮಂಡಿ ಕರಾವಳಿಗೆ ಇಳಿದ ದಿನ. ಆಟ ಶುರುಮಾಡಿದವರು, ಆ ಯುದ್ಧದಲ್ಲಿ ನಾರ್ಮಂಡಿಗೆ ಹೋಗಿದ್ದ ತಮ್ಮ ಅಜ್ಜನ ನೆನಪಿಗೆ ಅದನ್ನು ಮಾಡಿದ್ದು. ನಮ್ಮ ಪೊಕೊನೊದ ಸ್ಕರ್ಮಿಶ್ ಮೈದಾನದಲ್ಲೂ ನಾರ್ಮಂಡಿಯ ಹೆಸರಲ್ಲೇ ದೊಡ್ಡ ಆಟ ನಡೆಯುತ್ತದೆ.

ಇಲ್ಲಿ ಔಟ್ ಆದವರು ಮನೆಗೆ ಹೋಗುವುದಿಲ್ಲ. ತಮ್ಮ ಪಕ್ಷದ ಠಾಣೆಗೆ ಹೋಗಿ, ಗೊತ್ತಾದ ಹೊತ್ತಿಗೆ ಮತ್ತೆ ಒಳಗೆ ಬರುತ್ತಾರೆ. ಪಕ್ಷಕ್ಕೊಬ್ಬ ಜನರಲ್. ಬಿದ್ದವರನ್ನು ಎಬ್ಬಿಸಲು ಮೆಡಿಕ್, ಸೇತುವೆ ಕಟ್ಟಡ "ಉಡಾಯಿಸಲು" ಎಂಜಿನಿಯರ್. ಪ್ಲೈವುಡ್ ಹೊದಿಸಿದ ಗಾಡಿಯೇ ಟ್ಯಾಂಕು. ಅದನ್ನು ಫೋಮ್ ರಾಕೆಟ್‌ನಿಂದ ಹೊಡೆಯಬೇಕು. ಎದುರು ಪಕ್ಷದ ಒಳಗೆ ಸೇರಿಕೊಂಡ ಗೂಢಚಾರರೂ ಇರುತ್ತಾರೆ. ನಿಮ್ಮ ಪಾತ್ರ ಯಾವುದು ಅಂತ ಒಂದು ಕಾರ್ಡ್ ಕೊಡುತ್ತಾರೆ, ಜೋಪಾನ.

ಮೊದಲ ಸಲ ಹೋದಾಗ ಮೆಡಿಕ್ ಪಾತ್ರ ಕೇಳಿ. ಎಲ್ಲರಿಗೂ ನೀವು ಬೇಕಾಗುತ್ತೀರಿ, ಅನುಭವಿಗಳ ಜೊತೆಯಲ್ಲೇ ಓಡಾಡುತ್ತೀರಿ. ನಕ್ಷೆಯನ್ನು ಹಿಂದಿನ ದಿನವೇ ಓದಿ. ಹಳ್ಳ, ಕಲ್ಲುಗೋಡೆ, ದಾರಿ ಕೂಡುವ ಜಾಗ ಮನಸ್ಸಿನಲ್ಲಿರಲಿ. ಒಂದು ಗುಂಪಿಗೆ ಅಂಟಿಕೊಂಡಿರಿ. ನೀರು ಎರಡು ಲೀಟರ್ ಇರಲಿ. ಕೈಗಡಿಯಾರ ಮರೆಯಲೇಬೇಡಿ, ಯಾಕೆಂದರೆ ಅಂಕ ಸಿಗುವುದು ಎಷ್ಟು ಜನರನ್ನು ಹೊಡೆದಿರಿ ಅನ್ನುವುದಕ್ಕಲ್ಲ. ಇಂಥ ಹೊತ್ತಿಗೆ ಇಂಥ ಕಟ್ಟಡದಲ್ಲಿ ಯಾರ ಬಾವುಟ ಇತ್ತು ಅನ್ನುವುದಕ್ಕೆ.

ಒಂದು ಆಟದಲ್ಲಿ ಮಧ್ಯಾಹ್ನ 12ಕ್ಕೆ ಸರಿಯಾಗಿ ಒಂದು ಮರದ ಗುಡಿಸಲು ನಮ್ಮ ಕೈಯಲ್ಲಿರಬೇಕಿತ್ತು. ಗುಡಿಸಲಿನ ಮುಂದಿನ ದಾರಿಯಲ್ಲಿ ಎರಡೂ ಕಡೆಯವರು ಮಳೆ ಸುರಿದಂತೆ ಹಾರಿಸುತ್ತಿದ್ದರು. ನಾವು ಐದು ಜನ ಹಿಂದಿನ ಲಾರೆಲ್ ಪೊದೆಯ ಅಡಿಯಲ್ಲಿ ಹೊಟ್ಟೆ ಎಳೆದುಕೊಂಡು ಹೊರಟೆವು. ಮೂಗಿಗೆ ಒದ್ದೆ ಮಣ್ಣಿನ ವಾಸನೆ. ಮುಂದಿನವನ ಶೂ ತಳ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅದು ನಿಂತರೆ ನಾನೂ ನಿಲ್ಲುವುದು. ಒಮ್ಮೆ ಎದುರಾಳಿಯೊಬ್ಬ ಮೂರು ಮಾರು ದೂರದಲ್ಲಿ ಬಂದು ನಿಂತ. ಹಾಪರ್ ತುಂಬಿಕೊಂಡ, ಹೋದ. ಅರವತ್ತು ಅಡಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಗುಡಿಸಲಿನ ಒಳಗೆ ಇದ್ದವರು ಇಬ್ಬರೇ, ಇಬ್ಬರೂ ಮುಂದಿನ ಕಿಟಕಿಯಲ್ಲಿ. ಭುಜ ತಟ್ಟಿ "ಶರಣಾಗಿ" ಅಂದೆವು. ರೆಫ್ರಿ ಗಡಿಯಾರ ನೋಡಿ, ನಮ್ಮ ಬಾವುಟ ಏರಿಸಿ, ಪುಸ್ತಕದಲ್ಲಿ ಗುರುತು ಹಾಕಿಕೊಂಡರು. ನನ್ನ ಹಾಪರ್ ತುಂಬಿದ್ದು ತುಂಬಿದ ಹಾಗೇ ಇತ್ತು.

ಮನೆಗೆ ಬಂದ ಮೇಲೆ

ಮಂಗನ ಕಾಯಿಲೆ ನೋಡಿದ ಮಲೆನಾಡಿನವರಿಗೆ ಉಣುಗಿನ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಇಲ್ಲಿನ ಕಾಡಿನ ಉಣುಗು ಹರಡುವುದು ಲೈಮ್ ಕಾಯಿಲೆಯನ್ನು. ಪೆನ್ಸಿಲ್ವೇನಿಯಾದಲ್ಲಿ ಅದು ಸಾಕಷ್ಟಿದೆ. ಆಟಕ್ಕೆ ಮುಂಚೆ ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ, ಕೀಟ ಓಡಿಸುವ ಸ್ಪ್ರೇ ಹೊಡೆದುಕೊಳ್ಳಿ. ಮೂರೆಲೆಯ ಪಾಯ್ಸನ್ ಐವಿ ಬಳ್ಳಿಯ ಗುರುತು ಕಲಿತುಕೊಳ್ಳಿ, ತಾಗಿದರೆ ವಾರಗಟ್ಟಲೆ ತುರಿಕೆ.

ಬಂದ ಕೂಡಲೇ ಬಟ್ಟೆ ಡ್ರೈಯರ್‌ಗೆ ಹಾಕಿ, ಬಿಸಿಗೆ ಉಣುಗು ಸಾಯುತ್ತದೆ. ಆಮೇಲೆ ಒಗೆಯಿರಿ. ಸ್ನಾನ ಮಾಡುವಾಗ ಮಂಡಿಯ ಹಿಂದೆ, ಕಂಕುಳು, ಸೊಂಟದ ಸುತ್ತ ಬೆರಳಾಡಿಸಿ ನೋಡಿ. ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು, ತಿರುಚದೆ ನೇರವಾಗಿ ಎಳೆಯಿರಿ. ಆಮೇಲಿನ ವಾರಗಳಲ್ಲಿ ಅಲ್ಲಿ ಕೆಂಪು ಹರಡಿದರೆ, ಜ್ವರ ಬಂದರೆ ಡಾಕ್ಟರ್ ಹತ್ತಿರ ಹೋಗಿ. ತಲೆಗೂದಲು, ಕಿವಿಯ ಹಿಂಭಾಗ ನಮಗೆ ಕಾಣುವುದಿಲ್ಲ. ಮನೆಯವರ ಹತ್ತಿರ ನೋಡಿಸಿಕೊಳ್ಳಿ.