ಸೋನಾರ್ ಗೆರೆ ಮಾನಿಟರ್‌ನಲ್ಲೇ ಮುಳುಗಿತ್ತು

2005ರಲ್ಲಿ ಬಂದ 'ಡೇಂಜರಸ್ ವಾಟರ್ಸ್' ಎಂಬ ನೌಕಾಯುದ್ಧದ ಗೇಮ್ ನಾನು ಈಗಲೂ ಆಡುತ್ತೇನೆ. ಸೀವುಲ್ಫ್, ಅಕುಲಾ, ಕಿಲೋ ಸಬ್‌ಮರೀನ್‌ಗಳೆಲ್ಲ ಅದರಲ್ಲಿವೆ. (ಕಿಲೋ ಅಂದರೆ ನಮ್ಮ ನೌಕಾಪಡೆಯ ಸಿಂಧುಘೋಷ್ ವರ್ಗವೇ.) ಬ್ರಾಡ್‌ಬ್ಯಾಂಡ್ ಸೋನಾರ್ (ನೀರೊಳಗಿನ ಸದ್ದು ಕೇಳುವ ಸಾಧನ) ಪರದೆಯಲ್ಲಿ ಚುಕ್ಕಿಗಳು ಸೋನೆ ಮಳೆಯಂತೆ ಕೆಳಗಿಳಿಯುತ್ತಿರುತ್ತವೆ. ದೂರದ ಹಡಗಿನ ಸದ್ದು ಅಂದರೆ ಆ ಚುಕ್ಕಿಗಳ ನಡುವೆ ಕೊಂಚ ಜಾಸ್ತಿ ಹೊಳೆಯುವ ಒಂದು ಗೆರೆ, ಅಷ್ಟೇ.

ಹೊಸ ಮಾನಿಟರ್ ಬಂದ ಮೇಲೆ ಆ ಗೆರೆ ಕಾಣುವುದು ಕಡಿಮೆಯಾಯಿತು. ನನಗೆ ಬರೀ ಕತ್ತಲೆ ಕಾಣುವ ಕಡೆ ಆಟೋಕ್ರೂ (ಗೇಮೇ ನಡೆಸುವ ಸಿಬ್ಬಂದಿ) ಕಾಂಟ್ಯಾಕ್ಟ್, ಅಂದರೆ ಪತ್ತೆಯಾದ ಹಡಗಿನ ಗುರುತು ಹಾಕುತ್ತಿತ್ತು. ಅದು ಪರದೆ ನೋಡುವುದಿಲ್ಲ, ಗೇಮ್ ಒಳಗಿನ ಲೆಕ್ಕ ನೋಡುತ್ತದೆ. ಅಂದರೆ ಸೋನಾರ್ ಕೇಳಿಸಿಕೊಂಡಿದ್ದು ನನ್ನ ಕಣ್ಣಿಗೆ ತಲುಪುತ್ತಿರಲಿಲ್ಲ.

ಪರೀಕ್ಷೆಗೆಂದು ಗೇಮ್‌ನ ಮಿಷನ್ ಎಡಿಟರ್‌ನಲ್ಲಿ ದೂರದಲ್ಲೊಂದು ಸರಕು ಹಡಗು ಇಟ್ಟೆ. 'ಶೋ ಟ್ರೂತ್' ಆನ್ ಮಾಡಿದರೆ ಅದು ಯಾವ ದಿಕ್ಕಿನಲ್ಲಿದೆ ಅಂತ ಮ್ಯಾಪ್‌ನಲ್ಲೇ ಗೊತ್ತಾಗುತ್ತದೆ. ನನ್ನ ಸಬ್‌ಮರೀನ್ ವೇಗ 5 ನಾಟ್ ದಾಟದಂತೆ ನೋಡಿಕೊಂಡೆ. ವೇಗ ಏರಿದರೆ ನಮ್ಮದೇ ಗದ್ದಲ ಪರದೆ ತುಂಬುತ್ತದೆ, ಆಮೇಲೆ ತಪ್ಪು ಸೆಟ್ಟಿಂಗ್‌ದೋ ಗದ್ದಲದ್ದೋ ಅಂತ ಹೇಳಲಾಗದು.

ಮೊದಲು ಬ್ರೈಟ್‌ನೆಸ್ ಏರಿಸಿದೆ. ಪ್ರಯೋಜನವಾಗಲಿಲ್ಲ. ಗೆರೆಯ ಜೊತೆ ಹಿನ್ನೆಲೆಯೂ ಬೆಳ್ಳಗಾಗುತ್ತದೆ, ನಡುವಿನ ವ್ಯತ್ಯಾಸ ಹಾಗೇ ಉಳಿಯುತ್ತದೆ.

ನಿಜವಾದ ಸಮಸ್ಯೆ ಎಚ್‌ಡಿಎಂಐ ರೇಂಜ್‌ನಲ್ಲಿತ್ತು, ಅಂದರೆ ಕೇಬಲ್‌ನಲ್ಲಿ ಬರುವ ಕಪ್ಪು-ಬಿಳುಪಿನ ಮಟ್ಟಗಳ ಲೆಕ್ಕದಲ್ಲಿ. ಗ್ರಾಫಿಕ್ಸ್ ಕಾರ್ಡ್ 0ಯಿಂದ (ಕಪ್ಪು) 255ರವರೆಗೆ (ಬಿಳಿ) ಕಳಿಸುತ್ತಿತ್ತು, ಮಾನಿಟರ್ 16ರಿಂದ 235 ಅಂದುಕೊಂಡಿತ್ತು. ಆಗ 16ಕ್ಕಿಂತ ಕೆಳಗಿನ ಛಾಯೆಗಳೆಲ್ಲ ಒಂದೇ ಕಪ್ಪು. ಸೋನಾರ್‌ನ ಮಸುಕು ಗೆರೆ ಇರುವುದೇ ಆ ಕತ್ತಲಿನ ಆಸುಪಾಸಿನಲ್ಲಿ! ಮಾನಿಟರ್ ಮೆನುವಿನಲ್ಲೂ ಫುಲ್ ರೇಂಜ್ ಹಾಕಿದ ಕೂಡಲೇ ಗೆರೆ ಎದ್ದು ಬಂತು. ಡೈನಾಮಿಕ್ ಕಾಂಟ್ರಾಸ್ಟ್ ಕೂಡ ಆಫ್ ಮಾಡಿದೆ. ಪರದೆ ಬಹುಪಾಲು ಕಪ್ಪಿದ್ದರೆ ಅದು ಬ್ಯಾಕ್‌ಲೈಟ್ ಇಳಿಸಿಬಿಡುತ್ತದೆ. ನೈಟ್ ಲೈಟ್ ಮಾತ್ರ ಸುಮ್ನೆ ಬಿಟ್ಟೆ. ಅದು ಮುಖ್ಯವಾಗಿ ನೀಲಿಯನ್ನು ಕಡಿಮೆ ಮಾಡುತ್ತದೆ, ಹಸಿರು ಗೆರೆಗೆ ಅಷ್ಟು ತೊಂದರೆಯಿಲ್ಲ.

ಇನ್ನೊಂದು ಸ್ಕೇಲಿಂಗ್. ಗೇಮ್‌ನ 1024×768 ಚಿತ್ರವನ್ನು 1080ಪಿ ಪರದೆಗೆ ಹಿಗ್ಗಿಸಿದರೆ ಒಂದು ಪಿಕ್ಸೆಲ್ ಸರಿಯಾಗಿ ಒಂದೂ ಆಗುವುದಿಲ್ಲ, ಎರಡೂ ಆಗುವುದಿಲ್ಲ. ತೆಳು ಗೆರೆ ಪಕ್ಕಕ್ಕೆ ಹರಡಿ ಮಂಕಾಗುತ್ತದೆ. ಡ್ರೈವರ್‌ನಲ್ಲಿ 'ನೋ ಸ್ಕೇಲಿಂಗ್' ಕೊಟ್ಟೆ. ಸುತ್ತ ಕಪ್ಪು ಅಂಚು ಬರುತ್ತದೆ, ನೋಡಲು ಚೆಂದವಲ್ಲ, ಆದರೆ ಗೆರೆ ಚೂಪಾಗಿದೆ.

2017ರ 'ಕೋಲ್ಡ್ ವಾಟರ್ಸ್' ಆಡುವವರಿಗೆ ಇಷ್ಟೆಲ್ಲ ಬೇಕಿಲ್ಲ. ಅಲ್ಲಿ ಕಾಂಟ್ಯಾಕ್ಟ್ ಹುಡುಕುವ ಕೆಲಸ ಗೇಮ್‌ನದೇ. ನನಗೆ ಮಾತ್ರ ಗೆರೆಯನ್ನು ನಾನೇ ಹುಡುಕಬೇಕು, ಅದಕ್ಕೇ ಆಟೋಕ್ರೂ ಈಗ ಆಫ್.