ಪೆನ್‌ಡ್ರೈವ್ ಜೇಬಲ್ಲಿಟ್ಟುಕೊಂಡು ಲ್ಯಾಪ್‌ಟಾಪ್ ಕೊಳ್ಳಲು ಹೋಗಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೇ ಲ್ಯಾಪ್‌ಟಾಪ್ ಅಂಗಡಿಗೆ ಕಾಲಿಟ್ಟರೆ ಮೊದಲು ಕಿವಿಗೆ ಬೀಳುವ ಮಾತು, ‘ಕಂಪನಿ ಪೀಸು ಸಾರ್, ಸೂಪರ್ ಕಂಡೀಷನ್’. ಹಿಂದೊಮ್ಮೆ ಇಂಥದ್ದೇ ಮಾತು ನಂಬಿ ಥಳಥಳ ಹೊಳೆಯುವ ಲ್ಯಾಪ್‌ಟಾಪ್ ಒಂದನ್ನು ಮನೆಗೆ ತಂದಿದ್ದೆ. ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿದೆ. ವೈಫೈ ಬರಲಿಲ್ಲ. ಮುಚ್ಚಳ ಮುಚ್ಚಿದರೆ ನಿದ್ದೆ ಹೋಗುತ್ತಿತ್ತು, ತೆರೆದರೆ ಏಳುತ್ತಿರಲಿಲ್ಲ. ಆರು ತಿಂಗಳು ಯುಎಸ್‌ಬಿ ವೈಫೈ ಡಾಂಗಲ್ ಚುಚ್ಚಿಕೊಂಡೇ ಕೆಲಸ ಮಾಡಿದೆ. ಅಂಗಡಿಯಲ್ಲೇ ಹತ್ತು ನಿಮಿಷ ಪರೀಕ್ಷೆ ಮಾಡಿದ್ದರೆ ಇದೆಲ್ಲ ಗೊತ್ತಾಗುತ್ತಿತ್ತು. ಆ ಪರೀಕ್ಷೆಗೆ ಬೇಕಾಗುವುದು ಒಂದು ಪೆನ್‌ಡ್ರೈವ್ ಅಷ್ಟೇ.

ಈಗ ಇದನ್ನು ಬರೆಯಲು ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಅದಿಲ್ಲದ, ಆದರೆ ಗಟ್ಟಿಮುಟ್ಟಾಗಿರುವ ಯಂತ್ರಗಳು ಮನೆಮನೆಯಲ್ಲೂ ಇವೆ, ಅಂಗಡಿಯಲ್ಲೂ ಇವೆ. ಲಿನಕ್ಸ್‌ಗೆ ಅವು ಧಾರಾಳವಾಗಿ ಸಾಕು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ಕೆಲಸವೆಲ್ಲ ಟ್ಯಾಲಿಯಲ್ಲೇ ಆದರೆ, ಅಥವಾ ಪೇಜ್‌ಮೇಕರ್, ಕೋರೆಲ್‌ಡ್ರಾ ಇಟ್ಟುಕೊಂಡು ಡಿಟಿಪಿ ಮಾಡುವವರಾದರೆ, ವಿಂಡೋಸ್ ತೆಗೆದು ಹಾಕಬೇಡಿ. ಪಕ್ಕದಲ್ಲೇ ಲಿನಕ್ಸ್ ಹಾಕಿಕೊಳ್ಳಬಹುದು. ಬ್ರೌಸರ್, ಮೇಲ್, ಪತ್ರ ಬರೆಯುವುದು, ಮಕ್ಕಳ ಓದು, ಕೋಡಿಂಗ್ ಇಷ್ಟೇ ಆದರೆ ಧೈರ್ಯವಾಗಿ ಬನ್ನಿ.

ಪೆನ್‌ಡ್ರೈವ್ ತಯಾರಿ

ಲಿನಕ್ಸ್‌ನಲ್ಲಿ ಬಗೆಬಗೆಯ ಆವೃತ್ತಿಗಳಿವೆ. ಹೊಸಬರಿಗೆ ನಾನು ಹೇಳುವುದು ಲಿನಕ್ಸ್ ಮಿಂಟ್, ಅದರಲ್ಲೂ ಸಿನಮನ್ ಎಂಬ ಡೆಸ್ಕ್‌ಟಾಪ್ ಇರುವುದು. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು. ವಿಂಡೋಸ್‌ನಿಂದ ಬಂದವರಿಗೆ ಕೈ ತಡವರಿಸುವುದಿಲ್ಲ. ಮಿಂಟ್ 22ರ ಸಾಲಿಗೆ 2029ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ. ತೀರಾ ಹಳೇ ಯಂತ್ರ, 4 ಜಿಬಿ ರ‍್ಯಾಮ್ ಅಷ್ಟೇ ಅಂದರೆ ಎಕ್ಸ್‌ಎಫ್‌ಸಿಇ ಆವೃತ್ತಿ ತಗೊಳ್ಳಿ, ಹಗುರ.

ಮಿಂಟ್‌ನ ತಾಣದಿಂದ ಐಎಸ್‌ಒ ಫೈಲ್ (ಇಡೀ ಸಿಸ್ಟಂ ಅಡಗಿರುವ ಒಂದೇ ಕಡತ) ಇಳಿಸಿಕೊಳ್ಳಿ. ಹೆಚ್ಚುಕಡಿಮೆ 3 ಜಿಬಿ ಇರುತ್ತದೆ. ಅದನ್ನು ಸುಮ್ನೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಆಗುವುದಿಲ್ಲ. ಬಲೇನಾ ಎಚರ್ ಅಥವಾ ರೂಫಸ್ ಎಂಬ ಉಚಿತ ಸಾಫ್ಟ್‌ವೇರ್‌ನಿಂದ ಬರೆಯಬೇಕು. 8 ಜಿಬಿ ಪೆನ್‌ಡ್ರೈವ್ ಸಾಕು. ಅದರಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಮದುವೆ ಫೋಟೋ ಇರುವುದನ್ನು ಎತ್ತಿಕೊಳ್ಳಬೇಡಿ.

ಅಂಗಡಿಯಲ್ಲಿ

ಮಾದರಿ ಯಾವುದು? ಥಿಂಕ್‌ಪ್ಯಾಡ್ ಟಿ ಸರಣಿ, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೀಟ್‌ಬುಕ್. ಇವು ಆಫೀಸು ಬಳಕೆಗೆಂದೇ ಮಾಡಿದ ಯಂತ್ರಗಳು, ಬಿಚ್ಚಿ ರಿಪೇರಿ ಮಾಡುವುದೂ ಸುಲಭ. ನನ್ನ ಮೆಚ್ಚಿನದು 2018ರ ಥಿಂಕ್‌ಪ್ಯಾಡ್ ಟಿ480. ರ‍್ಯಾಮ್‌ಗೆ ಎರಡು ಸ್ಲಾಟ್ ಇದೆ. ಬ್ಯಾಟರಿಯೂ ಎರಡು: ಒಳಗೊಂದು, ಹೊರಗೊಂದು. ಹೊರಗಿನದನ್ನು ಕೈಯಲ್ಲೇ ಕಳಚಿ ಬದಲಾಯಿಸಬಹುದು. ಹೆಸರಿನ ಕೊನೆಗೆ ‘ಎಸ್’ ಸೇರಿಕೊಂಡ ಟಿ480ಎಸ್ ತೆಳ್ಳಗಿದೆ, ನೋಡಲು ಚಂದ. ಆದರೆ ಅದರಲ್ಲಿ ಸ್ವಲ್ಪ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದೆ, ಸ್ಲಾಟ್ ಒಂದೇ. ನೋಡಿಕೊಂಡು ತಗೊಳ್ಳಿ.

ಎನ್‌ವಿಡಿಯಾ ಗ್ರಾಫಿಕ್ಸ್ ಇರುವುದು ಬೇಡ ಅಂತ ನನ್ನ ಅಭಿಪ್ರಾಯ. ಓಡುವುದಿಲ್ಲ ಅಂತಲ್ಲ, ಪ್ರತ್ಯೇಕ ಡ್ರೈವರ್ ಹಾಕಬೇಕು. ಗೇಮ್ ಆಡದವರಿಗೆ ಆ ತಲೆನೋವು ಯಾಕೆ? ವೈಫೈ ಚಿಪ್ ಇಂಟೆಲ್‌ನದಾದರೆ ಸಾಮಾನ್ಯವಾಗಿ ತಾನಾಗಿಯೇ ಕೆಲಸ ಮಾಡುತ್ತದೆ. ರ‍್ಯಾಮ್ 8 ಜಿಬಿ ಇರಲಿ. ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಡಿಸ್ಕ್) ಇಲ್ಲದ ಯಂತ್ರದ ಮುಂದೆ ನಿಲ್ಲಲೂ ಬೇಡಿ.

ಇನ್ನು ಪರೀಕ್ಷೆ. ಯಂತ್ರ ಆಫ್ ಮಾಡಿಸಿ. ಆನ್ ಮಾಡಿದ ಕೂಡಲೇ ಕೀ ಒತ್ತಿ ಮೊದಲು ಬಯೋಸ್‌ಗೆ, ಅಂದರೆ ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಪರದೆಗೆ ಹೋಗಿ: ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10. ಅಲ್ಲಿ ಪಾಸ್‌ವರ್ಡ್ ಕೇಳಿತಾ? ಹಾಗಾದರೆ ಹಳೇ ಕಂಪನಿಯವರು ಹಾಕಿದ ಬೀಗ ಇನ್ನೂ ಹಾಗೇ ಇದೆ ಅಂತ ಅರ್ಥ. ‘ಅದೇನೂ ಬೇಕಾಗಲ್ಲ ಸಾರ್, ವಿಂಡೋಸ್ ಬರುತ್ತಲ್ಲ’ ಅನ್ನುತ್ತಾರೆ. ಒಪ್ಪಬೇಡಿ. ಥಿಂಕ್‌ಪ್ಯಾಡ್‌ನ ಸೂಪರ್‌ವೈಸರ್ ಪಾಸ್‌ವರ್ಡ್ ಬ್ಯಾಟರಿ ಕಿತ್ತು ಹಾಕಿದರೂ ಹೋಗುವುದಿಲ್ಲ. ಬೇರೆ ಪೀಸು ಕೇಳಿ.

ಬೀಗ ಇಲ್ಲದಿದ್ದರೆ ಪೆನ್‌ಡ್ರೈವ್ ಚುಚ್ಚಿ, ಯಂತ್ರ ಆಫ್ ಮಾಡಿ ಮತ್ತೆ ಆನ್ ಮಾಡಿ. ಥಿಂಕ್‌ಪ್ಯಾಡ್, ಡೆಲ್ ಆದರೆ ಎಫ್12, ಎಚ್‌ಪಿ ಆದರೆ ಎಫ್9 ಒತ್ತಿ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಅಂದರೆ ಯಂತ್ರ ಅದರಿಂದಲೇ ಶುರುವಾಗಲಿ. ಒಪ್ಪದಿದ್ದರೆ ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಎಂಬ ಸೆಟ್ಟಿಂಗ್ ಆಫ್ ಮಾಡಿ ನೋಡಿ. ಒಂದೆರಡು ನಿಮಿಷದಲ್ಲಿ ಪೂರಾ ಮಿಂಟ್ ತೆರೆದುಕೊಳ್ಳುತ್ತದೆ. ಇದು ಪೆನ್‌ಡ್ರೈವ್‌ನಿಂದಲೇ ಓಡುತ್ತಿರುತ್ತದೆ. ನೀವಾಗಿಯೇ ಇನ್‌ಸ್ಟಾಲ್ ಒತ್ತುವವರೆಗೆ ಒಳಗಿನ ವಿಂಡೋಸ್‌ಗೆ ಏನೂ ಆಗುವುದಿಲ್ಲ, ಅಂಗಡಿಯವರಿಗೂ ಇದನ್ನು ಹೇಳಿ.

ಮೊಬೈಲ್‌ನ ಹಾಟ್‌ಸ್ಪಾಟ್‌ಗೆ ವೈಫೈ ಸೇರಿಸಿ ಒಂದು ವಿಡಿಯೊ ಹಾಕಿ. ಸದ್ದು ಬರುತ್ತಾ, ಕ್ಯಾಮೆರಾ ಓಡುತ್ತಾ, ಬೆಳಕು ಜಾಸ್ತಿ ಕಡಿಮೆ ಮಾಡುವ ಕೀ ಕೆಲಸ ಮಾಡುತ್ತಾ ನೋಡಿ. ಕೀಬೋರ್ಡಿನ ಒಂದೊಂದು ಕೀಯನ್ನೂ ಒತ್ತಿ. ಆಮೇಲೆ ಮುಚ್ಚಳ ಮುಚ್ಚಿ, ಒಂದು ನಿಮಿಷ ಅಂಗಡಿಯವರ ಜೊತೆ ಮಾತಾಡಿ, ತೆರೆಯಿರಿ. ತಕ್ಷಣ ಎದ್ದರೆ ಅರ್ಧ ಗೆದ್ದ ಹಾಗೆ.

ಬ್ಯಾಟರಿಗೆ ಮೆನುವಿನಲ್ಲಿ ‘ಪವರ್ ಸ್ಟ್ಯಾಟಿಸ್ಟಿಕ್ಸ್’ ಹುಡುಕಿ. ಅಲ್ಲಿ ಬ್ಯಾಟರಿ ತುಂಬಿದಾಗ ಈಗ ಎಷ್ಟು ಹಿಡಿಯುತ್ತದೆ, ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು ಎಂಬ ಎರಡು ಅಂಕಿ ಸಿಗುತ್ತವೆ. 24 ವಾಟ್ ಅವರ್ ಹಿಡಿಯಬೇಕಾದದ್ದು 15ಕ್ಕೇ ತುಂಬಿಬಿಟ್ಟರೆ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಸವೆದಿದೆ. ಆ ಅಂಕಿ ತೋರಿಸಿಯೇ ಚೌಕಾಸಿ ಮಾಡಿ.

ಮನೆಗೆ ಬಂದ ಮೇಲೆ

ಹೊಸದಾಗಿ ಕೊಂಡದ್ದಾದರೆ ಕೆಲಸ ಸಲೀಸು. ಮನೆಯಲ್ಲೇ ಇರುವ ಯಂತ್ರವಾದರೆ ಮೊದಲು ಫೈಲ್‌ಗಳನ್ನೆಲ್ಲ ಹೊರಗಿನ ಡಿಸ್ಕಿಗೆ ತೆಗೆದಿಡಿ. ವಿಂಡೋಸ್ ಜೊತೆಗೇ ಲಿನಕ್ಸ್ ಹಾಕುವವರು ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಆನ್ ಇದೆಯಾ ನೋಡಿ. ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಂಡು, ಬಿಟ್‌ಲಾಕರ್ ಆಫ್ ಮಾಡಿಕೊಂಡೇ ಮುಂದುವರಿಯಿರಿ.

ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡೆಸ್ಕ್‌ಟಾಪ್ ಮೇಲಿರುವ ಇನ್‌ಸ್ಟಾಲ್ ಐಕಾನ್ ಒತ್ತಿ. ಭಾಷೆ ಕೇಳುತ್ತದೆ. ಮೊದಲ ಸಲಕ್ಕೆ ಇಂಗ್ಲಿಷ್ ಇರಲಿ, ಮೆನುಗಳ ಕನ್ನಡ ಅನುವಾದ ಎಲ್ಲ ಕಡೆ ಪೂರ್ತಿಯಾಗಿಲ್ಲ. ಹಾಡು, ವಿಡಿಯೊ ಓಡಲು ಬೇಕಾಗುವ ಮಲ್ಟಿಮೀಡಿಯಾ ಕೋಡೆಕ್ ಬೇಕಾ ಎಂದು ಕೇಳಿದಲ್ಲಿ ಟಿಕ್ ಹಾಕಿ. ಮುಂದಿನ ಪುಟದಲ್ಲಿ ಮಾತ್ರ ಎರಡು ಸಲ ಓದಿ: ‘ಅಲಾಂಗ್‌ಸೈಡ್’ ಅಂದರೆ ವಿಂಡೋಸ್ ಉಳಿಯುತ್ತದೆ, ‘ಇರೇಸ್ ಡಿಸ್ಕ್’ ಅಂದರೆ ಎಲ್ಲ ಹೋಗುತ್ತದೆ. ಉಳಿದದ್ದು ಹೆಸರು, ಪಾಸ್‌ವರ್ಡ್. ಕಾಫಿ ಮಾಡಿಕೊಂಡು ಬರುವಷ್ಟರಲ್ಲಿ ಮುಗಿಯುತ್ತಾ ಬಂದಿರುತ್ತದೆ.

ಕೆಲವು ಡೆಲ್‌ಗಳಲ್ಲಿ ಇಲ್ಲಿಗೆ ಬಂದಾಗ ಎಸ್‌ಎಸ್‌ಡಿಯೇ ಕಾಣಿಸುವುದಿಲ್ಲ. ಡಿಸ್ಕ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಬಯೋಸ್‌ನಲ್ಲಿ ಸ್ಟೋರೇಜ್ ‘ರೇಡ್ ಆನ್’ ಅಂತ ಇರುತ್ತದೆ, ಅದನ್ನು ‘ಎಎಚ್‌ಸಿಐ’ ಮಾಡಿ. ವಿಂಡೋಸ್ ಉಳಿಸಿಕೊಳ್ಳುವವರು ಹೀಗೆ ಏಕಾಏಕಿ ಬದಲಿಸಿದರೆ ವಿಂಡೋಸ್ ಬೂಟ್ ಆಗುವುದಿಲ್ಲ. ಅಂಥವರು ಗೊತ್ತಿದ್ದವರನ್ನು ಜೊತೆಗೆ ಕೂರಿಸಿಕೊಳ್ಳಿ.

ಇನ್‌ಸ್ಟಾಲ್ ಆದ ಮೇಲೆ ಅಪ್‌ಡೇಟ್ ಮ್ಯಾನೇಜರ್ ಓಡಿಸಿ. ಮಿಂಟ್‌ನಲ್ಲೇ ಇರುವ ಟೈಮ್‌ಶಿಫ್ಟ್ ತೆರೆದು ಸಿಸ್ಟಂನ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ನಾಳೆ ಏನಾದರೂ ಎಡವಟ್ಟಾದರೆ ಸಿಸ್ಟಂ ಅನ್ನು ಇವತ್ತಿನ ಸ್ಥಿತಿಗೆ ತರಬಹುದು. ನಿಮ್ಮ ಫೋಟೋ, ಕಡತಗಳು ಅದರಲ್ಲಿ ಸೇರುವುದಿಲ್ಲ, ಅವಕ್ಕೆ ಬೇರೆ ಬ್ಯಾಕಪ್ ಬೇಕು.

ಕನ್ನಡ ಬರಬೇಕಲ್ವಾ

ಓದಲು ಏನೂ ಮಾಡಬೇಕಿಲ್ಲ, ಯೂನಿಕೋಡ್ ಕನ್ನಡ (ಈಗ ಜಾಲತಾಣ, ಮೊಬೈಲ್‌ಗಳಲ್ಲಿ ಬಳಸುವುದು) ಕಾಣಿಸುತ್ತದೆ. ಬೇಕಿದ್ದರೆ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಗುಬ್ಬಿ, ನವಿಲು ಎಂಬ ಎರಡು ಚೆಂದದ ಫಾಂಟ್ ಸಿಗುತ್ತವೆ, ಹಾಕಿಕೊಳ್ಳಿ.

ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ಹಳೇ ಕಡತಗಳದ್ದು ಬೇರೆಯೇ ಕಥೆ. ಅವು ಯೂನಿಕೋಡ್ ಅಲ್ಲ. ‘ಕನ್ನಡ’ ಅಂತ ಟೈಪ್ ಮಾಡಿಟ್ಟ ಕಡೆ ನಡುವೆ ಪೌಂಡ್ ಚಿಹ್ನೆ ಬಂದು ಕೂತಿರುತ್ತದೆ. ವಿಂಡೋಸ್‌ನಲ್ಲಿದ್ದ ನುಡಿ ಫಾಂಟ್ ಫೈಲ್‌ಗಳನ್ನು ತಂದು, ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಮಾಡಿದರೆ ಓದಬಹುದು. ತಿದ್ದಿ ಬಳಸುವುದಿದ್ದರೆ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದೇ ಒಳ್ಳೆಯದು.

ಬರೆಯಲು ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಐಬಸ್ ಎಂ17ಎನ್ ಎಂಬ ಟೈಪಿಂಗ್ ಸಲಕರಣೆ ಹಾಕಿ. ಇನ್‌ಪುಟ್ ಮೆಥಡ್ ಸೆಟ್ಟಿಂಗ್‌ನಲ್ಲಿ ಐಬಸ್ ಆರಿಸಿ, ಲಾಗೌಟ್ ಮಾಡಿ ಮತ್ತೆ ಬನ್ನಿ. ಐಬಸ್ ಪ್ರಿಫರೆನ್ಸಸ್‌ನ ಪಟ್ಟಿಯಲ್ಲಿ ಕನ್ನಡ ಆಯ್ದು ಕೆಜಿಪಿ ಸೇರಿಸಿ. ಇದು ನುಡಿಯಲ್ಲಿ ಕಲಿತ ಅದೇ ಕ.ಗ.ಪ. ಕೀಬೋರ್ಡ್ ವಿನ್ಯಾಸ. ಎಡಿಟರ್ ತೆರೆದು ಕೆ, ಎನ್, ಎಫ್, ಎನ್, ಡಬ್ಲ್ಯು, ಈ ಐದು ಕೀ ಸಾಲಾಗಿ ಒತ್ತಿ. ತೆರೆಯ ಮೇಲೆ ‘ಕನ್ನಡ’ ಅಂತ ಬಂದರೆ ಪೆನ್‌ಡ್ರೈವ್ ಕಿತ್ತಿಟ್ಟುಕೊಳ್ಳಿ. ಪಕ್ಕದ ಮನೆಯವರು ಕೇಳಿಕೊಂಡು ಬರುತ್ತಾರೆ.